ಖಾಲಿ ಇಟ್ಟಿದ್ದೀಯಾ, ಮಾರಾಯ್ತಿ?

ಅವರು ತೀರಿಕೊಂಡ ಸುದ್ದಿ ತಿಳಿದ ಮರುದಿನ ಹಳೆಯ ಲ್ಯಾಬಿನವರು ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಿದರು. ಎಲ್ಲರದೂ ಒಂದೇ ಮಾತು: ಎಂಥಾ ತಾಳ್ಮೆಯ ಮನುಷ್ಯ. ಮೂರನೆಯವರೂ ಅದನ್ನೇ ಹೇಳಿದಾಗ ನನಗೆ ತಡೆಯಲಾಗಲಿಲ್ಲ. ತಾಳ್ಮೆ ಅವರದಲ್ಲ ಸ್ವಾಮಿ, ನಮ್ಮದು ಎಂದೆ. ಐದು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು, ಒಂದು ದಿನವೂ ಮೈಕ್ರೋಸ್ಕೋಪನ್ನು ಎತ್ತಿ ನೆಲಕ್ಕೆ ಕುಕ್ಕದೆ ಹೊರಗೆ ಬಂದೆನಲ್ಲ, ಅದಕ್ಕೆ ಬೇಕಾದರೆ ನನಗೊಂದು ಶಾಲು ಹೊದಿಸಿ.

ಅವರು ಚೆನ್ನೈನ ನಮ್ಮ ಲ್ಯಾಬಿನಲ್ಲಿ ಹಿರಿಯ ಟೆಕ್ನೀಷಿಯನ್ ಆಗಿದ್ದರು. ಮೂಲ ಕುಂದಾಪುರದ ಕಡೆ, ಬೆಳೆದದ್ದು ಮದ್ರಾಸಿನಲ್ಲಿ. ನುಂಗಂಬಾಕ್ಕಂನ ಒಂದು ಅಡ್ಡರಸ್ತೆಯಲ್ಲಿ ಅವರ ತಂದೆಯ ಸಸ್ಯಾಹಾರಿ ಹೋಟೆಲಿತ್ತು. ಅಣ್ಣತಮ್ಮಂದಿರೆಲ್ಲ ಅಡುಗೆಮನೆ, ಗಲ್ಲಾ ಎಂದು ಹಂಚಿಕೊಂಡು ನಿಂತಾಗ ಇವರೊಬ್ಬರು ಬಿ.ಎಸ್ಸಿ. ಓದಿ ಲ್ಯಾಬಿಗೆ ಬಂದರು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಒಂದು ಕಡೆ ಅಚ್ಚಾಗಿದೆ, ಅಷ್ಟು ಸಾಕು. ಆ ಒಂದು ಕಡೆ ಅಚ್ಚು ಹಾಕಿಸುವುದರೊಳಗೆ ನನ್ನ ಅರ್ಧ ಕೂದಲು ಬೆಳ್ಳಗಾಯಿತು.

ತೊಂಬತ್ತರ ದಶಕದ ಕೊನೆಗೆ, ಮಂಡ್ಯದ ಹುಡುಗಿ ನಾನು, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಆ ಲ್ಯಾಬಿಗೆ ಪಿಎಚ್.ಡಿ. ಮಾಡಲು ಸೇರಿದೆ. ಕೆಲಸ ಹೇಳಲು ಸುಲಭ. ನಾಟಿ ವೈದ್ಯರು ಜ್ವರಕ್ಕೆ ಕೊಡುವ ಗಿಡಗಳಿವೆಯಲ್ಲ, ಅವುಗಳ ಎಲೆ, ಬೇರು, ತೊಗಟೆಗಳನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಹಾಕಿ ಸಾರ ಇಳಿಸಬೇಕು. ಇನ್ನೊಂದು ಕಡೆ ಗಾಜಿನ ತಟ್ಟೆಗಳಲ್ಲಿ, ಮನುಷ್ಯರ ರಕ್ತದೊಳಗೆ, ಮಲೇರಿಯಾದ ಪರೋಪಜೀವಿಯನ್ನು ಸಾಕಬೇಕು. ಆ ತಟ್ಟೆಗಳನ್ನು ದಪ್ಪ ಗಾಜಿನ ಜಾಡಿಯಲ್ಲಿಟ್ಟು, ಪಕ್ಕದಲ್ಲೊಂದು ಮೇಣದ ಬತ್ತಿ ಹಚ್ಚಿ ಮುಚ್ಚಳ ಹಾಕಿದರೆ ಬತ್ತಿ ತಾನಾಗಿ ಆರಿಹೋಗುತ್ತದೆ. ಆಮ್ಲಜನಕ ಅಷ್ಟು ಕಡಿಮೆಯಾದರೆ ಈ ಜೀವಿಗಳಿಗೆ ಹಿತ. ಆಮೇಲೆ ಸಣ್ಣ ಸಣ್ಣ ಗುಳಿಗಳಿರುವ ಪ್ಲೇಟಿನಲ್ಲಿ ಆ ರಕ್ತಕ್ಕೆ ಗಿಡದ ಸಾರ ಬೆರೆಸಿ, ಎರಡು ದಿನ ಬಿಟ್ಟು, ಒಂದೊಂದು ಗುಳಿಯಿಂದಲೂ ಒಂದೊಂದು ತೊಟ್ಟನ್ನು ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಸಾವಿರ ಕೆಂಪು ರಕ್ತಕಣಗಳಲ್ಲಿ ಎಷ್ಟರೊಳಗೆ ಜೀವಿ ಉಳಿದಿದೆ ಎಂದು ಎಣಿಸಬೇಕು. ಎಣಿಸುವುದೇ ಕೆಲಸ. ಎಣಿಸುವುದೇ ಅವರು.

ಮೊದಲ ದಿನ ಅವರು ಒಂದು ಸ್ಲೈಡ್ ಕೊಟ್ಟು ಎಣಿಸು ಎಂದರು. ಮುಕ್ಕಾಲು ಗಂಟೆ ಕೂತು ಎಣಿಸಿದೆ.

“ಎಷ್ಟು?”

“ಸಾವ್ರಕ್ಕೆ ಐವತ್ತೆರಡು, ಸಾರ್.”

“ಇನ್ನೊಮ್ಮೆ.”

ಇನ್ನೊಮ್ಮೆ ಎಣಿಸಿದಾಗ ನಲವತ್ತೆಂಟು ಬಂತು. ಅವರು ಬರೆದುಕೊಂಡರು. “ಇನ್ನೊಮ್ಮೆ” ಎಂದರು. ಐವತ್ತೊಂದು ಬಂತು. ಈಗಲಾದರೂ ಮುಗಿಯಿತು ಎಂದು ಎದ್ದು ನಿಂತರೆ, “ಹೋಗಿ ಚಾ ಕುಡಿದು ಬಾ, ಕಣ್ಣು ಸೋತಿದೆ. ಬಂದು ಇನ್ನೊಮ್ಮೆ” ಎಂದರು. ಅವರ ಬಾಯಲ್ಲಿ ಆ ‘ಇನ್ನೊಮ್ಮೆ’ ಸಿಟ್ಟಿಲ್ಲದೆ, ನಗುವಿಲ್ಲದೆ, ಊಟಕ್ಕೆ ಕೂತವರಿಗೆ ಇನ್ನೊಂದು ಸೌಟು ಸಾರು ಬಡಿಸುವವರ ದನಿಯಲ್ಲಿ ಬರುತ್ತಿತ್ತು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಯಾವ ಸ್ಲೈಡ್ ಯಾವ ಗಿಡದ್ದು ಎಂದು ಎಣಿಸುವವರಿಗೆ ಗೊತ್ತಾಗಬಾರದಂತೆ. ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದಂತೆ. ಅದಕ್ಕೆ ಅವರು ಪ್ರತಿ ಸ್ಲೈಡಿನ ಗುರುತಿನ ಮೇಲೂ ಹಳೆಯ ಬಸ್ ಟಿಕೆಟಿನ ತುಂಡೊಂದನ್ನು ತಮ್ಮ ಬುತ್ತಿಯ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದರು. ಲ್ಯಾಬಿನಲ್ಲಿ ಅಂಟುಪಟ್ಟಿ ಇರಲಿಲ್ಲವೇ? ಇತ್ತು. ಕಿತ್ತರೆ ಪೆನ್ಸಿಲಿನ ಗುರುತೂ ಅದರ ಜೊತೆ ಕಿತ್ತು ಬರುತ್ತದೆ, ಅನ್ನವಾದರೆ ನೀರು ಸೋಕಿಸಿದರೆ ಬಿಡುತ್ತದೆ ಎಂದು ವಾದ. ನಾನು ಮದುವೆಯಾಗಿ ವೇಲಚೇರಿಗೆ ಮನೆ ಮಾಡಿದ ಮೇಲೂ ಅವರ ದೆಸೆಯಿಂದ ಬಸ್ ಟಿಕೆಟ್ ಎಸೆಯುವ ಹಾಗಿರಲಿಲ್ಲ. ಅವರ ಮನೆಯೂ ಅಲ್ಲೇ, ಸಂಜೆ ಅದೇ ಬಸ್ಸಿನಲ್ಲಿ ಹಿಂದೆ ಕೂತಿರುತ್ತಿದ್ದರಲ್ಲ, ಇಳಿಯುವಾಗ ಕೈ ಚಾಚುತ್ತಿದ್ದರು. ನಮ್ಮ ಗೈಡ್ ಮೇಡಂ ಹತ್ತಿರ ದೂರು ಹೇಳಿದರೆ ಅವರು ನಗುತ್ತಾ, “ಅವರು ವಿಡಮಾಟ್ಟಾರ್ ಮಾ” ಎಂದರು. ಬಿಡುವ ಆಸಾಮಿ ಅಲ್ಲ ಎಂದು ನನಗೆ ತಮಿಳು ಬಾರದೆಯೂ ಅರ್ಥವಾಯಿತು.

ಎಲ್ಲಕ್ಕಿಂತ ದೊಡ್ಡ ಪೀಡೆ ಅವರ ‘ಖಾಲಿ’. ಪ್ರತಿ ಪ್ಲೇಟಿನಲ್ಲೂ ಸಾಲು ಸಾಲು ಗುಳಿಗಳನ್ನು ಅದಕ್ಕೆಂದೇ ಬಿಡಬೇಕು. ಒಂದು ಸಾಲಿನಲ್ಲಿ ಜೀವಿಯಿರುವ ರಕ್ತ, ಆದರೆ ಗಿಡದ ಸಾರವಿಲ್ಲ. ಇನ್ನೊಂದರಲ್ಲಿ ಗಿಡದ ಸಾರವಿದೆ, ಆದರೆ ರಕ್ತ ಶುದ್ಧ, ಜೀವಿಯಿಲ್ಲ. ಮತ್ತೊಂದರಲ್ಲಿ ಬರೀ ರಕ್ತ, ಏನೂ ಇಲ್ಲ. ಪುಸ್ತಕದಲ್ಲೂ ಇದನ್ನು ಹೇಳುತ್ತಾರೆ, ಆದರೆ ಪುಸ್ತಕ ಒಂದು ಸಲ ಮಾಡು ಎನ್ನುತ್ತದೆ. ಇವರಿಗೆ ಪ್ರತಿ ಗಿಡಕ್ಕೂ, ಪ್ರತಿ ಸಲವೂ ಬೇಕು. ಬೆಳಿಗ್ಗೆ ಒಳಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದರು, “ಖಾಲಿ ಇಟ್ಟಿದ್ದೀಯಾ, ಮಾರಾಯ್ತಿ?”

ಒಂದು ದಿನ ರೇಗಿ ಕೇಳಿಯೇಬಿಟ್ಟೆ, ಈ ಖಾಲಿ ಹುಚ್ಚು ಯಾರು ಹಿಡಿಸಿದ್ದು ಸಾರ್ ನಿಮ್ಗೆ ಎಂದು.

“ಅಪ್ಪ,” ಎಂದರು. ತಂದೆ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯುವ ಮೊದಲು ಬಾಯ್ಲರಿನಿಂದ ಒಂದು ಲೋಟ ಬರೀ ಬಿಸಿನೀರು ಹಿಡಿದು ಕುಡಿಯುತ್ತಿದ್ದರಂತೆ. ಆಮೇಲೆ ಒಂದು ಗುಟುಕು ಬರೀ ಹಾಲು. ಆಮೇಲೆ ಬರೀ ಡಿಕಾಕ್ಷನ್. ಕೊನೆಗೆ ಕಾಫಿ. “ಇಲ್ಲಿಯ ನೀರು ಗೊತ್ತುಂಟಲ್ಲ ನಿಂಗೆ. ಒಂದು ದಿನ ಬಾವಿದ್ದು, ಒಂದು ದಿನ ಬೋರಿದ್ದು, ಒಂದು ದಿನ ಲಾರಿದ್ದು. ಕಾಫಿ ಕೆಟ್ರೆ ಎಲ್ಲರೂ ಪುಡಿಗೆ ಬೈತಾರೆ. ತಪ್ಪು ನೀರಿದ್ದಾ, ಹಾಲಿದ್ದಾ, ಪುಡಿದ್ದಾ? ಬರೀ ನೀರು ಕುಡಿದವನಿಗೆ ಮಾತ್ರ ಗೊತ್ತು.”

ಇಷ್ಟು ಹೇಳಿ, ನನಗೆ ತಲೆದೂಗಲು ಕೂಡ ಸಮಯ ಕೊಡದೆ, “ಆ ಆರನೇ ಸ್ಲೈಡ್ ಇನ್ನೊಮ್ಮೆ” ಎಂದರು.

ಗಿಡಮೂಲಿಕೆ ತರಲು ಪ್ಯಾರೀಸ್ ಕಾರ್ನರಿನ ನಾಟಿ ಮದ್ದಿನ ಅಂಗಡಿಗಳಿಗೆ ಅವರ ಜೊತೆ ಹೋಗುವುದೆಂದರೆ ಇನ್ನೊಂದು ಕರ್ಮ. ಓಣಿಯಲ್ಲಿ ಕೈಗಾಡಿ, ಮೂಟೆ, ಬೆವರು. ಇವರು ಅಂಗಡಿ ಮುಂದೆ ನಿಂತು ಮೊದಲು ಖಾಲಿ ತಕ್ಕಡಿ ಎತ್ತಿ ತೋರಿಸಲು ಹೇಳುತ್ತಿದ್ದರು. ಮುಳ್ಳು ನೆಟ್ಟಗೆ ನಿಂತಿದೆಯಾ ಎಂದು ಬಗ್ಗಿ ನೋಡುತ್ತಿದ್ದರು. ಅಂಗಡಿಯ ಮುದುಕ ಒಂದು ಸಲ ರೇಗಿ, “ಎನ್ನಾ ಸಾರ್, ಎಂಗಪ್ಪಾ ಕಾಲತ್ತು ಕಡೈ” ಎಂದ. ತನ್ನ ಅಪ್ಪನ ಕಾಲದ ಅಂಗಡಿಯ ಮೇಲೆ ಅನುಮಾನವೇ ಎಂದು ಅವನ ನೋವು. ಇವರು ತಣ್ಣಗೆ, “ತಪ್ಪಾ ನಿನೈಕ್ಕಾದೀಂಗ, ಇನ್ನೊರು ತಡವೈ ತೂಕ್ಕುಂಗ” ಎಂದರು. ತಪ್ಪು ತಿಳಿಯಬೇಡಿ, ಮತ್ತೆ ಎತ್ತಿ ಹಿಡಿಯಿರಿ ಎಂದು, ತಮಿಳಿನಲ್ಲೂ ಅದೇ ಇನ್ನೊಮ್ಮೆ. ನಾನು ಪಕ್ಕದ ಅಂಗಡಿಯ ಕಡೆ ಮುಖ ಮಾಡಿ, ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ನಿಂತೆ.

ಹೀಗೆ ಎರಡೂವರೆ ವರ್ಷ ಕಳೆಯಿತು. ಬೇವು, ಅಮೃತಬಳ್ಳಿ, ನೆಲಬೇವು, ಹೆಸರು ಕೇಳಿದರೇ ಬಾಯಿ ಕಹಿಯಾಗುವ ಹದಿನಾರು ಗಿಡಗಳು ಆದವು. ಒಂದಷ್ಟು ಅಲ್ಪಸ್ವಲ್ಪ ಕೆಲಸ ಮಾಡಿದವು, ಅದೂ ಬೇರೆಯವರು ಮೊದಲೇ ಬರೆದದ್ದೇ. ಜೊತೆಗೆ ಸೇರಿದವರೆಲ್ಲ ಥೀಸಿಸ್ ಬರೆಯಲು ಕೂತಿದ್ದರು. ನನ್ನ ಕೈಯಲ್ಲಿ ಹೊಸದು ಒಂದೂ ಇರಲಿಲ್ಲ. ಹೊಸದೊಂದು ಸಿಗದಿದ್ದರೆ ಥೀಸಿಸ್ ಇಲ್ಲ, ಫೆಲೋಶಿಪ್ ಇನ್ನು ಆರು ತಿಂಗಳಿಗೆ ಮುಗಿಯುತ್ತದೆ.

ಆಗ ಬಂತು ಹದಿನೇಳನೆಯದು. ಒಂದು ಮರದ ತೊಗಟೆ. ಯಾವ ಮರ ಎಂದು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಕಷಾಯ ಕಾಯಿಸಿ ಕುಡಿದಾರು, ನಮ್ಮ ಜನ ನನಗೆ ಗೊತ್ತು. ಸಾರ ಕೆಂಪು ಬೆರೆತ ಕಂದು ಬಣ್ಣದ್ದು, ಗಟ್ಟಿ ಚಹಾದ ಹಾಗೆ. ಆಗ ಅವರು ಮಗಳ ನಿಶ್ಚಿತಾರ್ಥಕ್ಕೆಂದು ಮೂರು ವಾರ ರಜೆಯಲ್ಲಿದ್ದರು. ರಕ್ತನಿಧಿಯಿಂದ ನಮಗೆ ಬರುತ್ತಿದ್ದ ಓ ಗುಂಪಿನ ರಕ್ತ ಮೊದಲ ವಾರ ಕಡಿಮೆ ಬಂದಿತ್ತು. ಇರುವ ರಕ್ತವನ್ನು ಹಂಚಬೇಕಲ್ಲ, ನಾನು ಒಂದು ಸಾಲು ಬಿಟ್ಟೆ. ಯಾವ ಸಾಲು? ಶುದ್ಧ ರಕ್ತಕ್ಕೆ ಗಿಡದ ಸಾರ ಹಾಕುವ ಸಾಲು. ಹದಿನಾರು ಗಿಡಗಳಲ್ಲಿ ಒಂದು ಸಲವೂ ಆ ಸಾಲಿನಲ್ಲಿ ಏನೂ ಆಗಿರಲಿಲ್ಲ. ಈಗ ಏನಾಗಿಬಿಡುತ್ತದೆ ಎಂದುಕೊಂಡೆ.

ಎರಡು ದಿನ ಬಿಟ್ಟು ಎಣಿಸಿದಾಗ ಕುರ್ಚಿಯಿಂದ ಎದ್ದೇ ನಿಂತೆ. ಬೇರೆ ಗುಳಿಗಳಲ್ಲಿ ಜೀವಿಗಳು ಕಿಕ್ಕಿರಿದಿದ್ದರೆ, ಹದಿನೇಳನೆಯದರಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಮತ್ತೆ ಎರಡು ಸಲ ಮಾಡಿದೆ, ಅದೇ ಫಲಿತಾಂಶ. ಗೈಡ್ ಮೇಡಂ ನನ್ನ ಬೆನ್ನು ತಟ್ಟಿ ಪೇಪರ್ ಬರಿ ಎಂದರು. ಕೂತು ಬರೆದೆ.

ಆಗಲೇ ನಾನೊಂದು ಜಗಳ ಮಾಡಿದೆ. ನಮ್ಮಲ್ಲಿ ಟೆಕ್ನೀಷಿಯನ್ನುಗಳ ಹೆಸರು ಪೇಪರಿನ ಮೇಲ್ಭಾಗಕ್ಕೆ ಬರುತ್ತಿರಲಿಲ್ಲ. ಕೊನೆಯಲ್ಲಿ ಒಂದು ಸಾಲು, ತಾಂತ್ರಿಕ ಸಹಾಯ ಮಾಡಿದವರಿಗೆ ಧನ್ಯವಾದ, ಅದೂ ಹೆಸರಿಲ್ಲದೆ. ಇಪ್ಪತ್ತೇಳು ವರ್ಷ ಸ್ಲೈಡು ಎಣಿಸಿದ ಮನುಷ್ಯನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಬೈದುಕೊಳ್ಳುವುದು ಬೇರೆ, ನ್ಯಾಯ ಬೇರೆ. ಅವರ ಹೆಸರು ಇಲ್ಲದೆ ನಾನು ಕಳಿಸುವುದಿಲ್ಲ ಎಂದು ಹಟ ಹಿಡಿದೆ. ಮೇಡಂ ಎರಡು ದಿನ ಯೋಚಿಸಿ, ಮೂರನೆಯ ಹೆಸರಾಗಿ ಸೇರಿಸು ಎಂದರು.

ರಜೆ ಮುಗಿಸಿ ಬಂದವರಿಗೆ ಟೈಪು ಮಾಡಿದ ಹಾಳೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ತಮ್ಮ ಹೆಸರಿದ್ದ ಸಾಲನ್ನು ನೋಡಿದರು. ತುಂಬಾ ಹೊತ್ತು ನೋಡಿದರು. ಮಧ್ಯಾಹ್ನ ಹೋಟೆಲಿನಿಂದ ಬಾದಾಮಿ ಹಲ್ವದ ಪೊಟ್ಟಣ ಬಂತು, ಇಡೀ ಲ್ಯಾಬಿಗೆ. ಯಾಕೆ ಎಂದು ಕೇಳಿದವರಿಗೆಲ್ಲ, “ಮಗಳ ನಿಶ್ಚಿತಾರ್ಥ ಆಯ್ತಲ್ಲ” ಎಂದರು. ನಿಶ್ಚಿತಾರ್ಥದ ಲಾಡು ಬೆಳಿಗ್ಗೆಯೇ ಹಂಚಿ ಆಗಿತ್ತು.

ಸಂಜೆ ನನ್ನ ನೋಟ್‌ಬುಕ್ ತಿರುವಿ ಹಾಕುತ್ತಾ ಕೇಳಿದರು, “ಖಾಲಿ ಎಲ್ಲುಂಟು?”

“ರಕ್ತ ಸಾಲ್ಲಿಲ್ಲ ಸಾರ್. ಮಿಕ್ಕಿದ್ದೆಲ್ಲ ಇದೆಯಲ್ಲ.”

“ಮೂರು ಸಲವೂ ಸಾಲಲಿಲ್ಲವಾ?”

ಎರಡು ಮತ್ತು ಮೂರನೆಯ ಸಲಕ್ಕೆ ರಕ್ತ ಸಾಕಷ್ಟಿತ್ತು. ಮೊದಲ ಸಲ ಆ ಸಾಲಿಲ್ಲದೆಯೇ ಸರಿಬಂತಲ್ಲ ಎಂದು ಬಿಟ್ಟಿದ್ದೆ. ಅವರು ನೋಟ್‌ಬುಕ್ ಮುಚ್ಚಿಟ್ಟು ಬಸ್ಸಿಗೆ ಹೋದರು.

ಪೇಪರನ್ನು ಸೋಮವಾರ ಅಂಚೆಗೆ ಹಾಕುವುದಿತ್ತು. ಸೋಮವಾರ ಬೆಳಿಗ್ಗೆ ಬಂದರೆ ನನ್ನ ಮೇಜಿನ ಮೇಲೆ ಒಂದು ಪ್ಲೇಟು, ಪಕ್ಕದಲ್ಲಿ ಹನ್ನೆರಡು ಸ್ಲೈಡು. ಅವರು ಶನಿವಾರವೇ ಬಂದು, ಪಕ್ಕದ ಲ್ಯಾಬಿನವರಿಂದ ತಮ್ಮ ತೋಳಿನ ರಕ್ತ ತೆಗೆಸಿಕೊಂಡು, ನಾನು ಬಿಟ್ಟ ಸಾಲನ್ನು ತಾವೇ ಇಟ್ಟಿದ್ದರು. ಅವರದೂ ಓ ಗುಂಪು. ಶುದ್ಧ ರಕ್ತ, ಅದಕ್ಕೆ ಹದಿನೇಳನೆಯ ಸಾರ.

“ನನ್ನ ರಕ್ತದಲ್ಲಿ ಮಲೇರಿಯಾ ಇಲ್ಲ, ಮಾರಾಯ್ತಿ. ಆದ್ರೂ ನೋಡು” ಎಂದರು.

ನೋಡಿದೆ. ಕೆಂಪು ಕಣಗಳು ಒಡೆದು ಹೋಗಿದ್ದವು. ಎಲ್ಲೆಲ್ಲೂ ಒಡೆದ ಕಣಗಳ ಮಸುಕು ಸಿಪ್ಪೆಗಳು. ತೊಗಟೆಯ ಸಾರ ಜೀವಿಯನ್ನು ಕೊಲ್ಲುತ್ತಿರಲಿಲ್ಲ, ರಕ್ತಕಣವನ್ನೇ ಒಡೆಯುತ್ತಿತ್ತು. ಜೀವಿ ಹೊಕ್ಕು ಮೊದಲೇ ಸಡಿಲವಾಗಿದ್ದ ಕಣಗಳು ಮೊದಲು ಒಡೆದವು, ಉಳಿದವನ್ನು ನಾನು ಎಣಿಸಿ ಕುಣಿದಿದ್ದೆ. ಬಾಡಿಗೆಯವನನ್ನು ಬಿಡಿಸಲು ಮನೆಯನ್ನೇ ಕೆಡವಿದ ಹಾಗೆ. ಒಡೆದ ರಕ್ತದ ಕೆಂಪು ನೀರು ತೊಗಟೆಯ ಕೆಂಪಿನಲ್ಲಿ ಬೆರೆತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಪ್ಪು ನನ್ನದೇ, ಗೊತ್ತು. ಆದರೂ ಅವರ ಮೇಲೇ ಸಿಟ್ಟು. ಸೋಮವಾರ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಥೀಸಿಸ್ ಆಗುತ್ತಿತ್ತು, ಅವರ ಹೆಸರು ಅಚ್ಚಾಗುತ್ತಿತ್ತು. ಹಲ್ವ ತರಿಸಿದವರು ತಾವೇ, ಅದಕ್ಕೆ ಮಣ್ಣು ಹಾಕಿದವರೂ ತಾವೇ. ಹಾಗೆಂದು ಮುಖದ ಮೇಲೇ ಹೇಳಿದೆ. ಅವರು ನನ್ನ ಪೇಪರಿನ ಹಾಳೆಗಳನ್ನು ನೀಟಾಗಿ ಜೋಡಿಸಿ, ಕ್ಲಿಪ್ ಹಾಕಿ, “ಹದಿನೆಂಟನೇದು ಯಾವಾಗ ನೆನೆಸ್ತಿ?” ಎಂದು ಕೇಳಿದರು.

ಎರಡು ತಿಂಗಳು ನಾನು ಅವರ ಜೊತೆ ಮಾತಾಡಲಿಲ್ಲ. ಅವರು ದಿನಾ ನನ್ನ ಸ್ಲೈಡುಗಳಿಗೆ ಟಿಕೆಟ್ ಅಂಟಿಸಿ ಇಡುತ್ತಿದ್ದರು, ನಾಲ್ಕು ಗಂಟೆಗೆ ಗೋಳಿಬಜೆಯ ಪೊಟ್ಟಣವೊಂದನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ನಾನು ಗೋಳಿಬಜೆ ತಿನ್ನುತ್ತಿದ್ದೆ, ಮಾತಾಡುತ್ತಿರಲಿಲ್ಲ. ಹದಿನೇಳನೆಯದರ ಬಗ್ಗೆ ಒಂದು ಟಿಪ್ಪಣಿಯನ್ನಾದರೂ ಬರೆಯಬಹುದೇ ಎಂದು ಮೇಡಂಗೆ ಕೇಳಿದೆ. ಕೆಲಸ ಮಾಡದ ಗಿಡದ ಕಥೆ ಯಾರಿಗೆ ಬೇಕು, ಮುಂದೆ ನೋಡು ಎಂದರು. ಫೆಲೋಶಿಪ್ ಮುಗಿದು ಒಂದೂವರೆ ವರ್ಷ ಗಂಡನ ಸಂಬಳದಲ್ಲಿ ಓಡಾಡಿ, ನಲವತ್ತೊಂದು ಗಿಡಗಳ ಸಾಧಾರಣ ಥೀಸಿಸ್ ಒಂದನ್ನು ಮುಗಿಸಿದೆ. ಆ ಹೊತ್ತಿಗೆ ಅವರು ನಿವೃತ್ತರಾದರು.

ನಿವೃತ್ತಿಯ ಮರುವರ್ಷ ವೇಲಚೇರಿಯಲ್ಲಿ ಮಳೆನೀರು ನಿಂತು ಹೋದ ಮೇಲೆ ಅವರಿಗೇ ಚಳಿಜ್ವರ ಬಂತು. ಬೀದಿ ಕೊನೆಯ ಲ್ಯಾಬಿನವರು ರಕ್ತ ನೋಡಿ ಮಲೇರಿಯಾ ಇಲ್ಲ ಎಂದರು. ಇವರು ಕಂಬಳಿ ಹೊದ್ದು, ಹಲ್ಲು ಕಟಕಟ ಎನ್ನುತ್ತಾ ಆಟೋ ಹತ್ತಿ, ಮೌಖಿಕ ಪರೀಕ್ಷೆಗೆ ಕಾಯುತ್ತಾ ನಾನಿನ್ನೂ ಹೋಗಿಬರುತ್ತಿದ್ದ ಲ್ಯಾಬಿಗೆ ಬಂದು, ಬೆರಳು ಚುಚ್ಚಿಕೊಂಡು, ತಮ್ಮ ಸ್ಲೈಡನ್ನು ತಾವೇ ನೋಡಿದರು. “ಉಂಟು,” ಎಂದು ನನ್ನನ್ನು ಕರೆದು ತೋರಿಸಿದರು. ಅಷ್ಟಕ್ಕೆ ಬಿಡಬೇಕೋ ಬೇಡವೋ? ನನ್ನ ಬೆರಳಿಂದಲೂ ಒಂದು ತೊಟ್ಟು ಬೇಕೆಂದರು, ಖಾಲಿಗೆ. ಜೊತೆಗೆ ಬಂದಿದ್ದ ಅವರ ಹೆಂಡತಿ ಹಣೆ ಚಚ್ಚಿಕೊಂಡು, “ಇವ್ರಿಗೆ ಜ್ವರ ಅಲ್ಲ, ಮರ್ಲು” ಎಂದು ಹುಚ್ಚಿಗೆ ತಮ್ಮೂರಿನ ಮಾತು ಹೇಳಿದರು. ನಾನು ಬೆರಳು ಕೊಟ್ಟೆ.

ಆಮೇಲೆ ಎರಡು ಮೂರು ವರ್ಷಕ್ಕೆ ನನಗೆ ಅದೇ ಲ್ಯಾಬಿನಲ್ಲಿ ಒಂದು ಚಿಕ್ಕ ಹುದ್ದೆ ಸಿಕ್ಕಿತು. ಒಂದು ದಿನ ಪತ್ರಿಕೆಯೊಂದನ್ನು ತಿರುವುತ್ತಿದ್ದಾಗ ನಮ್ಮ ತೊಗಟೆ ಕಣ್ಣಿಗೆ ಬಿತ್ತು. ಎಲ್ಲಿಯದೋ ಒಂದು ತಂಡ, ಅದೇ ಮರ, ಅದೇ ಸಾರ, ಮಲೇರಿಯಾಕ್ಕೆ ಅದ್ಭುತ ಔಷಧಿ ಎಂದು ಬರೆದಿತ್ತು. ಹೊಟ್ಟೆ ಉರಿದುಹೋಯಿತು. ತಕ್ಷಣ ಅವರಿಗೆ ಫೋನ್ ಮಾಡಿದೆ.

“ಸಾರ್, ನಮ್ಮ ಹದಿನೇಳನೇದು. ಯಾರೋ ಹಾಕ್ಬಿಟ್ಟಿದಾರೆ. ಆವತ್ತು ನೀವು ಸುಮ್ನಿದ್ದಿದ್ರೆ ಇದು ನಮ್ದಾಗಿರೋದು.”

ಆ ಕಡೆಯಿಂದ ಒಂದೇ ಪ್ರಶ್ನೆ: “ಖಾಲಿ ಇಟ್ಟಿದ್ದಾರಾ?”

ಓದಿ ನೋಡಿದೆ. ಆ ಸಾಲು ಇರಲಿಲ್ಲ. ನಾನು ಬಿಟ್ಟ ಸಾಲನ್ನೇ ಅವರೂ ಬಿಟ್ಟಿದ್ದರು.

“ಹಾಗಾದ್ರೆ ನೀನು ಬರಿ. ಮಲೇರಿಯಾ ಬಂದವನಿಗೆ ರಕ್ತ ಮೊದಲೇ ಕಡಿಮೆ. ಅವನಿಗೆ ಯಾರಾದ್ರೂ ಇದನ್ನ ಕುಡಿಸಿದ್ರೆ?”

ಬರೆದೆ. ಅರ್ಧ ಪುಟದ ಪತ್ರ, ಆ ಪತ್ರಿಕೆಯ ಸಂಪಾದಕರಿಗೆ. ಅದರಲ್ಲಿದ್ದ ಎಣಿಕೆಯೆಲ್ಲ ಅವರು ಆ ಶನಿವಾರ ತಮ್ಮ ರಕ್ತದಲ್ಲಿ ಇಟ್ಟದ್ದು, ಆದ್ದರಿಂದ ಅವರ ಹೆಸರು ಮೊದಲು, ನನ್ನದು ಆಮೇಲೆ. ಸಂಪಾದಕರು ಒಪ್ಪಿ ಒಂದು ಫಾರಂ ಕಳಿಸಿದರು. ಅದರಲ್ಲಿ ಇಬ್ಬರೂ ಸಹಿ ಹಾಕಬೇಕು, ಈ ಅಂಕಿಗಳನ್ನು ನಾನು ಸ್ವತಃ ಪರಿಶೀಲಿಸಿದ್ದೇನೆ ಎಂದು.

ನನಗೆ ಬುದ್ಧಿ ಇದ್ದಿದ್ದರೆ ಅವರಿಗೆ ಫೋನಿನಲ್ಲಿ ಫಾರಂ ಓದಿ ಹೇಳದೆ ಸಹಿ ಹಾಕಿಸಬೇಕಿತ್ತು. ಓದಿದೆ. “ಪರಿಶೀಲಿಸಿ ಅಲ್ವಾ ಹಾಕ್ಬೇಕು?” ಎಂದು, ಬಸ್ಸು ಹಿಡಿದು ಲ್ಯಾಬಿಗೆ ಬಂದರು. ಆ ಹನ್ನೆರಡು ಸ್ಲೈಡುಗಳು ಅವರು ಲ್ಯಾಬಿನಲ್ಲೇ ಬಿಟ್ಟುಹೋಗಿದ್ದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಹಳೆಯ ಕುರ್ಚಿಯಲ್ಲಿ ಕೂತು ಎಣಿಸಿದರು. ಸಾವಿರದಲ್ಲಿ ಒಡೆದ ಕಣ ನೂರಿಪ್ಪತ್ತು ಎಂದರು. ನೋಟ್‌ಬುಕ್ಕಿನಲ್ಲಿ ಮುನ್ನೂರ ನಲವತ್ತು ಎಂದಿತ್ತು, ಅವರದೇ ಕೈಬರಹದಲ್ಲಿ.

“ಇನ್ನೊಮ್ಮೆ,” ಎಂದು ತಮಗೆ ತಾವೇ ಹೇಳಿಕೊಂಡರು. ಈ ಸಲ ತೊಂಬತ್ತು ಬಂತು. ಲೆನ್ಸ್ ಒರೆಸಿದರು. ಬಣ್ಣ ಇಳಿದಿದೆಯಾ ನೋಡು ಎಂದರು. ನೋಡಿದೆ, ಬಣ್ಣ ಸರಿಯಾಗಿಯೇ ಇತ್ತು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿದೆ ಎಂದು ಮನೆಯವರು ಹೇಳಿದ್ದರು, ಇಷ್ಟು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಮೈಕ್ರೋಸ್ಕೋಪಿನ ದೀಪ ಆರಿಸಿದರು.

“ನನ್ನ ಹೆಸರು ತೆಗಿ,” ಎಂದರು.

“ಸಾರ್, ಆವಾಗ ನೀವೇ ಎಣಿಸಿದ್ದಲ್ವಾ? ಬುಕ್ಕಲ್ಲಿ ಇದೆಯಲ್ಲ.”

“ಆಗ ಫಾರಂ ಇರ್ಲಿಲ್ಲ. ಫಾರಂ ಬಂದದ್ದು ಈಗ. ಈಗ ನನಗೆ ಕಾಣೂದಿಲ್ಲ.”

ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೂವತ್ತು ವರ್ಷಕ್ಕೆ ಒಂದು ಸಲ ಬಾಗಿಲಿಗೆ ಬಂದದ್ದನ್ನು ಎರಡನೆಯ ಸಲವೂ ಒದೆಯುತ್ತಾರಲ್ಲ ಈ ಮನುಷ್ಯ. ಬೈದೆ, ಗೋಗರೆದೆ, ಅತ್ತೂ ಬಿಟ್ಟೆ. ಕೊನೆಗೆ ಒಂದು ದಾರಿ ಹೇಳಿದೆ. ಎಣಿಕೆಯ ಯಂತ್ರ ಅವರ ಕೈಯಲ್ಲಿರಲಿ, ನೋಡುವ ಕಣ್ಣು ನನ್ನದಾಗಲಿ. ನಾನು ‘ಇಡೀ’ ಎಂದರೆ ಒಂದು ಕೀಲಿ, ‘ಒಡೆದದ್ದು’ ಎಂದರೆ ಇನ್ನೊಂದು ಕೀಲಿ ಒತ್ತಲಿ. ಯೋಚಿಸಿ, “ಟಿಕೆಟ್ ನಾನೇ ಅಂಟಿಸ್ತೇನೆ” ಎಂದರು. ಪೆಟ್ಟಿಗೆಯನ್ನು ಮನೆಗೆ ಒಯ್ದರು.

ಮರುದಿನ ಹನ್ನೆರಡು ಸ್ಲೈಡು, ಹನ್ನೆರಡು ಟಿಕೆಟ್ಟಿನ ತುಂಡು. ಬೆಳಿಗ್ಗೆಯಿಂದ ಕೂತೆವು. ನಾನು ಹೇಳುವುದು, ಅವರು ಒತ್ತುವುದು. ಎಂಟು ಸ್ಲೈಡು ಹಳೆಯ ಲೆಕ್ಕಕ್ಕೆ ಹತ್ತಿರ ಹತ್ತಿರ ಬಂದವು. ಒಂಬತ್ತನೆಯದನ್ನು ಇಟ್ಟೆ. ಇಡೀ, ಇಡೀ, ಇಡೀ. ನೂರು ದಾಟಿತು, ಒಡೆದದ್ದು ಒಂದೂ ಇಲ್ಲ. ಸ್ಲೈಡ್ ಸರಿಸಿದೆ. ಇನ್ನೂರು ದಾಟಿದ ಮೇಲೆ ಒಂದು ಸಿಕ್ಕಿತು. ಮತ್ತೆ ಇಡೀ, ಇಡೀ. ಹನ್ನೆರಡೂ ಸಾರ ಹಾಕಿದ ರಕ್ತದ ಸ್ಲೈಡುಗಳು. ಒಂದರಲ್ಲಿ ಒಡೆದಿಲ್ಲ ಎಂದರೆ ಪತ್ರ ಬಿದ್ದುಹೋಯಿತು, ಸಹಿ ಇಲ್ಲ, ಹೆಸರು ಇಲ್ಲ. ಪಕ್ಕದಲ್ಲಿ ಕೂತವರಿಗೆ ಕಾಣುವುದಿಲ್ಲ. ಮೂರಕ್ಕೊಮ್ಮೆ ‘ಒಡೆದದ್ದು’ ಎಂದರೆ ಸಾಕು, ಎಲ್ಲ ಸರಿಹೋಗುತ್ತದೆ. ಅದು ನಿಜವೂ ಹೌದಲ್ಲ, ಆ ತೊಗಟೆ ರಕ್ತ ಒಡೆಯುತ್ತದೆ ಎಂದು ನನಗೆ ಗೊತ್ತು.

ನಾನು ಸುಮ್ಮನಾದೆ. ಅವರ ಬೆರಳೂ ಕೀಲಿಯ ಮೇಲೆ ಸುಮ್ಮನೆ ನಿಂತಿತ್ತು. ಯಾಕೆ ನಿಲ್ಲಿಸಿದೆ ಎಂದು ಕೇಳಲಿಲ್ಲ.

“ಇಡೀ,” ಎಂದೆ. ಸಾವಿರದವರೆಗೂ ಹಾಗೇ ಹೇಳಿದೆ. ಒಡೆದದ್ದು ಮೂರು. ಉಳಿದ ಮೂರು ಸ್ಲೈಡುಗಳನ್ನು ಮುಗ್ಗರಿಸುತ್ತಾ ಮುಗಿಸಿದೆ. “ಆಗ್ಲಿಲ್ಲ ಸಾರ್, ಒಂಬತ್ತನೇದ್ರಲ್ಲಿ ಏನೂ ಇಲ್ಲ” ಎಂದೆ.

ಅವರು ಒಂಬತ್ತನೆಯ ಸ್ಲೈಡನ್ನು ಎತ್ತಿಕೊಂಡು, ಬೆರಳಿಗೆ ನೀರು ಮುಟ್ಟಿಸಿ, ಟಿಕೆಟ್ಟಿನ ತುಂಡನ್ನು ಉಜ್ಜಿ ತೆಗೆದು ನನ್ನ ಕಡೆ ಹಿಡಿದರು. ಪೆನ್ಸಿಲಿನಲ್ಲಿ ಅವರದೇ ಅಕ್ಷರ: ಖಾಲಿ. ಸಾರ ಮುಟ್ಟಿಸದ ಬರೀ ರಕ್ತ, ಅವರದ್ದೇ, ಆ ಶನಿವಾರ ಇಟ್ಟದ್ದೇ. ಹನ್ನೆರಡರಲ್ಲಿ ಒಂದನ್ನು ತೆಗೆದಿಟ್ಟು ಇದನ್ನು ಸೇರಿಸಿದ್ದರು.

“ನನ್ನನ್ನೇ ಪರೀಕ್ಷೆ ಮಾಡಿದ್ರಾ ಸಾರ್? ಇಷ್ಟು ವರ್ಷ ಆದ್ಮೇಲೆ?”

“ಮತ್ತೆಂತ ಮಾಡ್ಲಿ ಮಾರಾಯ್ತಿ? ಇನ್ನು ನಾನು ನಿನ್ನ ಕಣ್ಣಲ್ಲೇ ನೋಡ್ಬೇಕು. ಕಣ್ಣು ಸರಿ ಉಂಟಾ ಅಂತ ನೋಡದೆ ಸೈನ್ ಹಾಕೂದು ಹೇಗೆ?”

ಜೇಬಿನಿಂದ ಇನ್ನೊಂದು ಸ್ಲೈಡ್ ತೆಗೆದು, ತೆಗೆದಿಟ್ಟದ್ದು ಇದು, ಇದನ್ನೂ ಎಣಿಸು ಎಂದರು. ಎಣಿಸಿದೆ, ಸರಿಯಾಗಿ ಬಂತು. ಫಾರಂ ಕೊಟ್ಟೆ. ಸಹಿಯ ಗೆರೆ ಅವರಿಗೆ ಕಾಣಲಿಲ್ಲ. ಗೆರೆಯ ಶುರುವಿನಲ್ಲಿ ನನ್ನ ಬೆರಳಿಟ್ಟೆ, ಅದನ್ನು ತಡವಿ ಅಲ್ಲಿಂದ ಬರೆದರು. ಒಂಬತ್ತನೆಯ ಸ್ಲೈಡಿನ ಮುಂದೆ ನನ್ನ ಬಾಯಿಗೆ ಸುಳ್ಳು ಬಂದಿತ್ತೆಂದು ನಾನು ಅವರಿಗೆ ಯಾವತ್ತೂ ಹೇಳಲಿಲ್ಲ. ಕೀಲಿಯ ಮೇಲೆ ನಿಂತ ಆ ಬೆರಳನ್ನು ನೆನೆದರೆ, ಹೇಳುವ ಅಗತ್ಯವೂ ಇರಲಿಲ್ಲ ಎನ್ನಿಸುತ್ತದೆ.

ನಾಲ್ಕು ತಿಂಗಳಿಗೆ ಪತ್ರಿಕೆ ಬಂತು. ಒಂದು ಭಾನುವಾರ ಅವರ ಮನೆಗೆ ತೆಗೆದುಕೊಂಡು ಹೋದೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಪುಟವನ್ನು ಕಣ್ಣಿನ ಹತ್ತಿರ, ದೂರ, ಓರೆಯಾಗಿ ಹಿಡಿದು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, “ಎಂತ ಬರೆದಿದ್ದಾರೆ, ಓದು” ಎಂದರು. ಹೆಂಡತಿ ಕಾಫಿ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

ಮೊದಲು ಶೀರ್ಷಿಕೆ ಓದಿದೆ. ಅದರ ಕೆಳಗೆ ಅವರ ಹೆಸರು, ಇನಿಷಿಯಲ್ ಸಮೇತ. ಓದಿ ಮುಂದಕ್ಕೆ ಹೋಗುವುದರಲ್ಲಿದ್ದೆ.

ಅವರು ಕಣ್ಣು ಮುಚ್ಚಿಕೊಂಡು, “ಇನ್ನೊಮ್ಮೆ” ಎಂದರು.